ಬೊಗ್ಗುಲೋರು ಅಂದರೆ

ರಾಯಲ್ಪಾಡು, ಸೋಮವಾರ

ಮಾಲೂರಿನ ಭಾರತಮ್ಮನವರಿಗೆ ಚಂದನಳ ಅಜ್ಜಿಯ ನಮಸ್ಕಾರ.

ಹೆಣ್ಣು ನೋಡಲು ಬಂದಾಗ, "ನಿಮ್ಮನ್ನ ಬೊಗ್ಗುಲೋರು ಅಂತ ಯಾಕೆ ಕರೀತಾರೆ?" ಎಂದು ಕೇಳಿದಿರಿ. ನನ್ನ ಮಗ, "ಅದು ನಮ್ಮ ಹಳೇ ಊರಿನ ಹೆಸರಮ್ಮ" ಅಂದ. ಅಂಥ ಊರು ಎಲ್ಲೂ ಇಲ್ಲ. ನಿಮಗೆ ತೆಲುಗು ಬಾರದೆಂದು ಬಚಾವಾದ.

ಬೊಗ್ಗು ಅಂದರೆ ಇದ್ದಿಲು. ನಮ್ಮತ್ತೆ ಜಾಲಿ ಕಡಿದು, ಗುಂಡಿಯಲ್ಲಿ ಮಣ್ಣು ಮುಚ್ಚಿ ಸುಟ್ಟು, ಕೋಲಾರದ ಇಸ್ತ್ರಿಯವರಿಗೆ ಮಾರುತ್ತಿದ್ದರು. ನಾನೂ ಮೂಟೆ ಹೊತ್ತಿದ್ದೇನೆ. ಆರುವ ಮೊದಲೇ ಗುಂಡಿ ತೆರೆದರೆ ಗಾಳಿ ತಾಗಿ ಎಲ್ಲ ಬೂದಿಯಾಗುತ್ತದೆ. ಅದಕ್ಕೇ ಮೂರು ದಿನ ಕಾಯುತ್ತಿದ್ದೆವು. ನೀವೂ ಮೂರು ದಿನ ಯೋಚಿಸಿ.

ನಮ್ಮ ಹುಡುಗಿಗೆ ನಿಮ್ಮ ವೆಂಕಟ್ ಹಿಡಿಸಿದ್ದಾನೆ. ಸಂಬಂಧ ಬೇಡವೆಂದರೆ ಅವತ್ತು ನಿಮಗೆ ಕಟ್ಟಿಕೊಟ್ಟ ನಮ್ಮ ಒಬ್ಬಟ್ಟಿನ ಡಬ್ಬ ಬಸ್ಸಿನಲ್ಲಿ ಕಳಿಸಿ. ಒಪ್ಪಿದರೆ ನೀವೇ ತನ್ನಿ.

ಇಂತಿ,
ಬೊಗ್ಗುಲ ಚಿಕ್ಕಗಂಗಮ್ಮ