ಐದು ನಿಮಿಷ ಆಯ್ತೇನಪ್ಪಾ

ಶಂಕರಪುರಂ, ಬೆಂಗಳೂರು
18-8-2025, ಶ್ರಾವಣದ ಕೊನೆಯ ಸೋಮವಾರ

ಪ್ರೀತಿಯ ಶೈಲಜಕ್ಕನಿಗೆ,

ನಿನ್ನ ತಮ್ಮ ಮನೋಹರನ ಶರಣು. ಮಂಡಿ ನೋವು ಹೇಗಿದೆ? ದಾವಣಗೆರೆಯಲ್ಲಿ ಮಳೆ ಹಿಡಿದಿದೆ ಎಂದು ಭಾವ ಹೇಳಿದರು. ಮಳೆ ಬಿಡುವ ತನಕ ಬೆಳಗಿನ ವಾಕಿಂಗ್ ಬೇಡ, ಜಾರಿ ಬಿದ್ದರೆ ನಿನ್ನನ್ನು ಎತ್ತುವಷ್ಟು ಶಕ್ತಿ ಭಾವನಿಗೂ ಈಗ ಇಲ್ಲ. ಶ್ರಾವಣದ ಉಪವಾಸ ಎಂದು ಬಿ.ಪಿ. ಮಾತ್ರೆ ತಪ್ಪಿಸಬೇಡ. ಕೈಯಲ್ಲಿ ಫೋನ್ ಇಟ್ಟುಕೊಂಡು ಇವನು ಯಾಕಪ್ಪಾ ಕಾಗದ ಬರೆಯುತ್ತಿದ್ದಾನೆ ಎಂದು ನಿನಗೆ ಅನ್ನಿಸಬಹುದು. ಈ ತಿಂಗಳಲ್ಲಿ ಮೂರು ಸಲ ಈ ವಿಷಯ ಹೇಳಲೆಂದೇ ಫೋನ್ ಮಾಡಿದೆ. ಮೂರು ಸಲವೂ ನೀನು ಎತ್ತಿದ ಕೂಡಲೇ “ಏನೋ, ನಿದ್ದೆ ಬಂತೇನೋ?” ಎಂದೆ. “ಹ್ಞೂಂ ಬಂತಕ್ಕಾ” ಎಂದು ಸುಳ್ಳು ಹೇಳಿ, ಭಾವನ ಸಕ್ಕರೆ ಎಷ್ಟಿದೆ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವಳು, ಉತ್ತರಪತ್ರಿಕೆ ಕೊನೆಯವರೆಗೆ ಓದದೆ ಅಂಕ ಹಾಕುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಿದ್ದೆ ಒಂದೇ ನನ್ನ ಜೊತೆ ಟೂ ಬಿಟ್ಟಿದೆ. ಅಮ್ಮನನ್ನು ಮಣ್ಣು ಮಾಡಿ ಬಂದ ದಿನದಿಂದ ಹೀಗೆ, ಜನವರಿಯಿಂದ ಇವತ್ತಿನವರೆಗೆ ಏಳು ತಿಂಗಳಾಯಿತು. ಶರಣ್ಯ ತನ್ನ ವಾಚನ್ನು ನನ್ನ ಕೈಗೆ ಕಟ್ಟಿ ಮಲಗಿಸುತ್ತಾಳೆ, ಬೆಳಿಗ್ಗೆ ಎದ್ದು ಅದನ್ನು ನೋಡಿ “ಅಪ್ಪಾ, ಡೀಪ್ ಸ್ಲೀಪ್ ಹದಿನೆಂಟು ನಿಮಿಷ, ಫೇಲ್” ಎಂದು ರಿಸಲ್ಟ್ ಕೊಡುತ್ತಾಳೆ. ಮಗಳು ಅಪ್ಪನನ್ನು ಫೇಲ್ ಮಾಡುವ ಕಾಲ ನೋಡು. ಸುಮಂಗಲಾ ಮೂರು ದಿನ ಬಿಡದೆ ಗಸಗಸೆ ಪಾಯಸ ಮಾಡಿಕೊಟ್ಟಳು. ಪಾಯಸ ಕುಡಿದು ಅವಳೂ ಶರಣ್ಯಳೂ ಸೊಗಸಾಗಿ ನಿದ್ದೆ ಮಾಡಿದರು. ನನಗೆ ಮಾತ್ರ ಕನಸು ಇನ್ನಷ್ಟು ಉದ್ದವಾಯಿತು. ವಿಶ್ವೇಶ್ವರಪುರದ ಡಾಕ್ಟರ ಹತ್ತಿರವೂ ಹೋದೆ. ಒಳ್ಳೆಯ ಮನುಷ್ಯ. ಎಲ್ಲ ಪರೀಕ್ಷೆ ಮಾಡಿ, “ಮಾತ್ರೆ ಕೊಡ್ತೀನಿ, ಕಣ್ಣು ಮುಚ್ಚುತ್ತೆ. ಆದ್ರೆ ಹಗಲೆಲ್ಲಾ ನೀವು ಯಾವುದನ್ನೋ ನೋಡ್ದೆ ತಪ್ಪಿಸ್ಕೊಂಡು ಓಡಾಡ್ತಿದೀರಿ ಅನ್ಸುತ್ತೆ. ಕಣ್ಣು ಮುಚ್ಚಿದ್ಮೇಲೆ ಅದು ಬಂದೇ ಬರುತ್ತೆ. ಯಾರ ಹತ್ರಾನಾದ್ರೂ ಹೇಳ್ಕೊಳಿ” ಎಂದರು. ಮಾತ್ರೆ ತೆಗೆದುಕೊಂಡೆ, ಹೇಳಿಕೊಳ್ಳುವುದನ್ನು ಮುಂದಕ್ಕೆ ಹಾಕಿದೆ.

ಕನಸು ಏನೆಂದು ನೀನು ಫೋನಿನಲ್ಲಿ ಕೇಳಿದಾಗಲೆಲ್ಲ “ಏನೋ ಅಸಂಬದ್ಧ” ಎಂದು ಹಾರಿಸುತ್ತಿದ್ದೆ. ಅಸಂಬದ್ಧ ಏನೂ ಇಲ್ಲ, ಮಣ್ಣು ಮಾಡಿ ಬಂದ ರಾತ್ರಿಯಿಂದ ದಿನವೂ ಅದೇ. ಅಮ್ಮ ಆಸ್ಪತ್ರೆಯ ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಹಸಿರು ಗೌನು ಹಾಕಿಕೊಂಡು ಕೂತಿರುತ್ತಾರೆ. ಕಾಲಿಗೆ ಚಪ್ಪಲಿ ಇರುವುದಿಲ್ಲ, ಚಳಿಗೆ ಬೆರಳು ಮಡಿಸಿಕೊಂಡಿರುತ್ತಾರೆ. ಎಡಗೈ ಚಾಚಿ, “ಐದು ನಿಮಿಷ ಆಯ್ತೇನಪ್ಪಾ?” ಎಂದು ಕೇಳುತ್ತಾರೆ. ಕೋಪ ಇಲ್ಲ ಅಕ್ಕಾ, ಬಸ್ಸು ಬಂತಾ ಎಂದು ಕೇಳಿದಷ್ಟೇ ಸಹಜವಾಗಿ. ನಾನು ಜೇಬು ತಡಕುತ್ತೇನೆ, ಕೈ ಒಳಗೆ ಹೋಗುತ್ತದೆ, ತಳ ಸಿಗುವುದಿಲ್ಲ. ಹೋದ ವಾರ ಇದು ಹಾಡುಹಗಲಲ್ಲೇ ಬಂತು. ಚಿಕ್ಕಪೇಟೆಯ ಅಂಗಡಿಯಲ್ಲಿ ಊಟ ಮುಗಿಸಿ ಗಾದಿಯ ಮೇಲೆ ದಿಂಬಿಗೆ ಒರಗಿದ್ದೆ. ರಾಣೆಬೆನ್ನೂರಿನ ಗಿರಾಕಿಗಳು ಮದುವೆ ಜವಳಿ ನೋಡುತ್ತಿದ್ದರು. ನಾನು “ಅಮ್ಮಾ, ತಗೋ, ತಗೋ” ಎಂದು ಕೂಗುತ್ತ ಎದ್ದು ಕೂತೆನಂತೆ. ನಮ್ಮ ಹಳೆಯ ಸೇಲ್ಸ್‌ಮನ್ ಮೂರ್ತಿ, “ಸೀರೆ ತಗೊಳಿ ಅಂತಿದಾರೆ, ಬೇರೇನಿಲ್ಲ” ಎಂದು ಗಿರಾಕಿಗಳನ್ನು ನಗಿಸಿ ಮರ್ಯಾದೆ ಉಳಿಸಿದ. ಆಮೇಲೆ ನನ್ನ ಪಕ್ಕ ಕೂತು, “ಮನೆಗೋಗಿ ಸಾರ್, ಇಲ್ಲಾ ಇದಕ್ಕೇನಾದ್ರೂ ಮಾಡಿ” ಎಂದ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮ್ಮನಿಗೆ ಮಾತು ತೊದಲಿತೆಂದು ಆಸ್ಪತ್ರೆಗೆ ಕರೆದೊಯ್ದಾಗ ನೀನಿನ್ನೂ ದಾವಣಗೆರೆಯಿಂದ ಹೊರಟಿರಲಿಲ್ಲ. ಸ್ಕ್ಯಾನ್ ಮಾಡುವ ಹುಡುಗಿ ಮೈಮೇಲೆ ಲೋಹ ಏನೂ ಇರಬಾರದು ಎಂದಳು. ಬಳೆ, ಓಲೆ ಬಿಚ್ಚಿದ್ದಾಯಿತು. ಕೊರಳಿನ ಬೆಳ್ಳಿ ಕರಡಿಗೆಗೆ ಬಂದಾಗ ಅಮ್ಮ ಎರಡೂ ಕೈಯಿಂದ ಮುಚ್ಚಿಕೊಂಡರು. ಹುಟ್ಟಿದ ಮಗುವಿಗೆ ಕಟ್ಟಿದ ಲಿಂಗ, ಎಂಬತ್ತೊಂದು ವರ್ಷ ಮೈಬಿಟ್ಟು ಹೋದದ್ದಲ್ಲ. ಸ್ನಾನದಲ್ಲೂ ತೆಗೆಯದವರು ಯಾರೋ ಹುಡುಗಿ ಹೇಳಿದಳೆಂದು ತೆಗೆಯುತ್ತಾರೆಯೇ? ನಾನೇ ಬಗ್ಗಿ, “ಅಮ್ಮಾ, ಐದೇ ನಿಮಿಷ. ನನ್ ಹತ್ರಾನೇ ಇರುತ್ತೆ” ಎಂದೆ. ಆಗ ಶಿವದಾರ ಸಮೇತ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ತೊದಲುತ್ತಲೇ “ನೆಲಕ್ಕಿಡ್ಬೇಡ, ಇನ್ನೊಬ್ರ ಕೈಗೆ ಕೊಡ್ಬೇಡ” ಎಂದರು. ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು. ಕರಡಿಗೆಯನ್ನು ಜರ್ಕಿನ್ನಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ಸ್ಕ್ಯಾನಿನಿಂದ ಅವರನ್ನು ನೇರ ಐಸಿಯುಗೆ ಒಯ್ದರು. ಆ ಓಡಾಟದಲ್ಲಿ ನನಗೆ ಜೇಬೂ ನೆನಪಿಲ್ಲ, ಜೇಬಿನೊಳಗಿನದೂ ನೆನಪಿಲ್ಲ. ಮಾರನೇ ದಿನ ಬೆಳಗಿನ ಜಾವ ಅಮ್ಮ ಹೋದರು.

ಅಮ್ಮನನ್ನು ಮನೆಗೆ ತಂದ ಮೇಲಿನದನ್ನು ನಿನಗೆ ಹೇಳಬೇಕಾಗಿಲ್ಲ, ನೀನೇ ಇದ್ದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇದುವರೆಗೆ ನಾವಿಬ್ಬರೂ ಅದರ ಮಾತೇ ಎತ್ತಿಲ್ಲ. ನೀನೂ ಸುಬ್ಬಮ್ಮನೂ ಸೇರಿ ಅಮ್ಮನಿಗೆ ಸ್ನಾನ ಮಾಡಿಸುತ್ತಿದ್ದಿರಿ. ಕೊರಳಲ್ಲಿ ಲಿಂಗವಿಲ್ಲ ಎಂದು ಮೊದಲು ಕಂಡು ಹೇಳಿದವರೇ ಸುಬ್ಬಮ್ಮ. ಎರಡು ವರ್ಷ ಅಮ್ಮನ ಮಲಮೂತ್ರ ಬಾಚಿ, ತಲೆ ಬಾಚಿ, ತುತ್ತು ಮಾಡಿ ಉಣಿಸಿದವರು. ಆಸ್ಪತ್ರೆಯಿಂದ ಅಮ್ಮನ ಸಾಮಾನನ್ನು ತಮ್ಮ ಚೀಲದಲ್ಲಿ ತಂದವರೂ ಅವರೇ, ಹಾಗಾಗಿ ನಿನ್ನ ಕಣ್ಣು ಆ ಚೀಲದ ಮೇಲೆ ಹೋಯಿತು. ಬಂದಾಗಲೆಲ್ಲ “ಬನ್ನಿ ಸುಬ್ಬಮ್ಮಾ” ಎನ್ನುತ್ತಿದ್ದ ನೀನು ಆ ಹೊತ್ತು “ಚೀಲ ತೆಗಿ” ಎಂದೆ. ನೆಂಟರಿಷ್ಟರೆಲ್ಲ ನೋಡುತ್ತಿದ್ದ ಹಾಗೆ ಹಾಲಿನ ನಡುವೆ ಅದನ್ನು ಬೋರಲು ಹಾಕಿದೆ. ಅಮ್ಮನ ಕನ್ನಡಕ, ಸುಬ್ಬಮ್ಮನ ಬಾಚಣಿಗೆ, ಎಲೆಅಡಿಕೆ ಸಂಚಿ, ಅರ್ಧ ಪ್ಯಾಕೆಟ್ ಮಾರಿ ಬಿಸ್ಕತ್ತು ಬಿದ್ದವು. “ಅಮ್ಮನ ಲಿಂಗ ಮುಟ್ಟಿದ ಕೈ ಕೊಳೆತುಹೋಗ್ಲಿ” ಎಂದೆ ನೀನು. ನಿನ್ನನ್ನು ದೂರುತ್ತಿಲ್ಲ ಅಕ್ಕಾ. ತಾಯಿ ಸತ್ತ ಮನೆಯಲ್ಲಿ ಯಾರ ಬಾಯಲ್ಲಿ ಏನು ಬರುತ್ತದೆ ಎಂದು ಯಾರು ಹೇಳಬಲ್ಲರು? ಸಿದ್ದಬಸಪ್ಪ ಚಿಕ್ಕಪ್ಪ ಮಠದಿಂದ ಹೊಸ ಲಿಂಗ ತಂದರು, ಅದನ್ನೇ ಅಮ್ಮನ ಅಂಗೈಯಲ್ಲಿಟ್ಟು ಸಮಾಧಿ ಮಾಡಿದೆವು. ಸುಬ್ಬಮ್ಮ ರುದ್ರಭೂಮಿಗೆ ಬರಲಿಲ್ಲ, ಆಮೇಲೆ ನಮ್ಮ ಮನೆಗೂ ಬರಲಿಲ್ಲ.

ಹನ್ನೆರಡನೇ ದಿನ, ನೀನು ಊರಿಗೆ ಹೊರಟ ಮೇಲೆ, ಸುಮಂಗಲಾ ಜರ್ಕಿನ್ನನ್ನು ಡ್ರೈಕ್ಲೀನಿಂಗಿಗೆ ಹಾಕಲು ತೆಗೆದಳು. ಜೇಬು ನೋಡುತ್ತೇನೆ ಎಂದು ಇಸಿದುಕೊಂಡೆ. ಕರಡಿಗೆ ಅಲ್ಲೇ ಇತ್ತು. ಅವಳಿಗೂ ಹೇಳಲಿಲ್ಲ. ಹೊಸ ರೇಷ್ಮೆ ತುಂಡಿನಲ್ಲಿ ಸುತ್ತಿ ಅಂಗಡಿಯ ಬೀರುವಿನ ಮೇಲಿನ ಅರೆಯಲ್ಲಿಟ್ಟೆ. ದಿನವೂ ಬೆಳಿಗ್ಗೆ ಮೂರ್ತಿ ಬರುವುದಕ್ಕೆ ಮುಂಚೆ ಕಳ್ಳನ ಹಾಗೆ ಹೋಗಿ ಒಂದು ಬಿಲ್ವಪತ್ರೆ ಏರಿಸಿ ಬಾಗಿಲು ಹಾಕುತ್ತೇನೆ. ಐದು ನಿಮಿಷ ಎಂದು ಇಸಿದುಕೊಂಡದ್ದು, ಇವತ್ತಿಗೂ ನನ್ನ ಹತ್ತಿರವೇ ಇದೆ. ನಿನಗೆ ಹೇಳಿದರೆ ನಿನ್ನ ಬಿ.ಪಿ. ಏರುತ್ತದೆ, ಸುಬ್ಬಮ್ಮನಿಗೆ ಹೇಳಿದರೆ ನಮ್ಮ ಮನೆಯ ಮಾನ ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಗಾದಿಯ ಮೇಲೆ ಕೂಗಿಕೊಂಡ ಮಾರನೇ ದಿನ ಕರಡಿಗೆಯನ್ನು ಜೇಬಿಗೆ ಹಾಕಿಕೊಂಡು ಗವೀಪುರಕ್ಕೆ ಹೋದೆ. ಸುಬ್ಬಮ್ಮ ತಮ್ಮ ಮನೆಯ ಬಾಗಿಲಲ್ಲೇ ಸಿಕ್ಕರು, ಕೆಲಸಕ್ಕೆ ಹೊರಟಿದ್ದರು. ಈಗ ಎನ್.ಆರ್. ಕಾಲೋನಿಯಲ್ಲಿ ಇನ್ನೊಬ್ಬ ವಯಸ್ಸಾದವರನ್ನು ನೋಡಿಕೊಳ್ಳುತ್ತಾರಂತೆ. ತಮ್ಮ ಕನ್ನಡಕ ಕೈಯಲ್ಲಿ ಹಿಡಿದಿದ್ದರು, ಬಾಚಣಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಚೀಲ ಎಲ್ಲಿ ಸುಬ್ಬಮ್ಮಾ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. “ಈಗ ಚೀಲ ಹಿಡಿಯಲ್ಲ ಯಜಮಾನ್ರೇ” ಎಂದರು. ಕೂರಿಸಿ ನೀರು ಕೊಟ್ಟು, ನನ್ನ ಮುಖ ನೋಡಿ “ನಿದ್ದೆ ಮಾಡ್ತಿಲ್ವಾ?” ಎಂದರು. ಅಮ್ಮನನ್ನು ಕೇಳುತ್ತಿದ್ದ ಹಾಗೇ ಕೇಳಿದರು. ನನಗೆ ಅಳು ಬಂತು. ಆಗ ಅವರೇ ಹೇಳಿದ್ದು, ಅವರ ಮಾತಿನಲ್ಲೇ ಬರೆಯುತ್ತೇನೆ: “ನಂಗೂ ಅಷ್ಟೇ. ಕಣ್ಮುಚ್ಚಿದ್ರೆ ಚೀಲ ಬೋರ್ಲು ಬೀಳ್ತದೆ. ದಿನಾ ಬೇರೆ ಬೇರೆ ಸಾಮಾನು. ಒಂದೊಂದಿನ ಅಮ್ಮಾವ್ರ ಕರಡಿಗೇನೂ ಬೀಳ್ತದೆ. ಎದ್ದು ಕೂತ್ಕೊಂಡು, ನಾನೇ ತಗೊಂಡಿದ್ನೇನೋ, ವಯಸ್ಸಾಯ್ತು, ಎಲ್ಲಿಟ್ಟೆ ಅಂತ ಮರ್ತೋಗಿದೀನೇನೋ ಅಂತ ಮನೆಯೆಲ್ಲಾ ಹುಡುಕ್ತೀನಿ.”

ಕದಿಯದೇ ಇದ್ದವರು ತಾವೇ ಕದ್ದಿರಬಹುದೆಂದು ಏಳು ತಿಂಗಳಿಂದ ಅಕ್ಕಿಡಬ್ಬ, ಹಾಸಿಗೆ, ದೇವರಗೂಡು ಎಲ್ಲ ಹುಡುಕುತ್ತಿದ್ದಾರೆ ಅಕ್ಕಾ. ನನಗೆ ಆ ಕ್ಷಣ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜೇಬಿನಿಂದ ತೆಗೆದು ಅವರ ಮುಂದೆ ಹಿಡಿದೆ. ಅವರು ಕೂಡಲೇ ಮುಟ್ಟಲಿಲ್ಲ. ಎದ್ದು ಹೋಗಿ ಕೈತೊಳೆದು ಬಂದು, ಸೆರಗಿನಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. “ಯಾವಾಗ ಸಿಕ್ತು?” ಎಂದರು. “ಹನ್ನೆರಡನೇ ದಿನ” ಎಂದೆ. ಬೈಯಲಿಲ್ಲ, ಅಳಲೂ ಇಲ್ಲ. “ಅಕ್ಕಾವ್ರಿಗೆ ಹೇಳಿದ್ರಾ?” ಎಂದು ಕೇಳಿದರು. ಇಲ್ಲ ಎಂದೆ. “ಹೇಳಿ. ಅವ್ರು ಒಂದ್ಮಾತು ಅಂದ್ರೆ ಸಾಕು” ಎಂದು ಕರಡಿಗೆ ವಾಪಸ್ ಕೊಟ್ಟು ಬೀಗ ಹಾಕಿಕೊಂಡು ಕೆಲಸಕ್ಕೆ ಹೋದರು.

ಮಠದ ಅಯ್ಯನವರನ್ನು ಕೇಳಿದೆ. ಮಾಡಿದ ಸಂಸ್ಕಾರಕ್ಕೆ ಕುಂದಿಲ್ಲ, ಅಮ್ಮನ ಬಗ್ಗೆ ಚಿಂತೆ ಬೇಡ, ಈ ಲಿಂಗವನ್ನು ಅವರ ಸಮಾಧಿಯಲ್ಲೇ ಸ್ವಲ್ಪ ಮಣ್ಣು ತೆಗೆದು ಇಡಬಹುದು ಎಂದರು. ಮನೆಯವರೆಲ್ಲ ಇದ್ದು ಮಾಡಿ ಎಂದರು. ಮನೆಯವರೆಂದರೆ ನೀನು, ನಾನು, ಮತ್ತೆ ನನ್ನ ಮಟ್ಟಿಗೆ ಸುಬ್ಬಮ್ಮ. ಮುಂದಿನ ಸೋಮವಾರದೊಳಗೆ ಬರಲಾಗುತ್ತದೆಯೇ? ವಂದೇ ಭಾರತಿಗೆ ಟಿಕೆಟ್ ನಾನು ಮಾಡಿಸುತ್ತೇನೆ, ಮಂಡಿಗೆ ತೊಂದರೆಯಾಗುವುದಿಲ್ಲ. ಭಾವನಿಗೆ ನನ್ನ ನಮಸ್ಕಾರ ಹೇಳು, ಈ ಕಾಗದವನ್ನು ಅವರಿಗೂ ತೋರಿಸು. ಸುಮಂಗಲಾಗೆ ನಿನ್ನೆ ಎಲ್ಲ ಹೇಳಿದೆ. ಅವಳು ಎರಡು ದಿನ ಮಾತು ಬಿಡುವಳೆಂದುಕೊಂಡಿದ್ದೆ, ಒಂದೇ ಹೊತ್ತಿಗೆ ಮುಗಿಸಿದಳು. ಶರಣ್ಯ ಅತ್ತೆಗೆ ಶರಣು ಹೇಳಿದ್ದಾಳೆ. ಅಮ್ಮ ಇಲ್ಲದ ಮೇಲೆ ನನ್ನ ತಲೆ ಮೇಲೆ ಕೈಯಿಡುವವಳು ನೀನೊಬ್ಬಳೇ. ಆ ಕೈಯಿಂದ ಎರಡೇಟು ಬಿದ್ದರೂ ಬೀಳಲಿ.

ನಿನ್ನ ತಮ್ಮ,
ಮನೋಹರ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮರೆತದ್ದೇನೂ ಅಲ್ಲ. ಕನಸು ಮಣ್ಣು ಮಾಡಿದ ದಿನದಿಂದಲೇ ಶುರುವಾಯಿತು ಎಂದು ಮೇಲೆ ಬರೆದಿದ್ದೇನೆ, ಕರಡಿಗೆ ಸಿಕ್ಕಿದ್ದು ಹನ್ನೆರಡನೇ ದಿನ ಎಂದೂ ಬರೆದಿದ್ದೇನೆ. ನೀನು ಮೇಷ್ಟ್ರು, ಎರಡೂ ಹೊಂದುವುದಿಲ್ಲವೆಂದು ಹಿಡಿದೇ ಹಿಡಿಯುತ್ತೀಯ. ಹನ್ನೆರಡನೇ ದಿನ ಎಂಬುದು ಸುಳ್ಳು. ನೀನು ಚೀಲ ಬೋರಲು ಹಾಕಿದ ಆ ಕ್ಷಣದಲ್ಲೇ ನನಗೆ ನೆನಪಾಯಿತು. ಜರ್ಕಿನ್ ನಿನ್ನ ಬೆನ್ನ ಹಿಂದೆಯೇ ಮೊಳೆಗೆ ತೂಗುತ್ತಿತ್ತು, ನೀನು ಬಗ್ಗಿ ಎದ್ದಾಗ ಅದರ ತೋಳು ನಿನ್ನ ಹೆಗಲಿಗೆ ತಾಗಿತು. ಅಷ್ಟು ಜನರ ಮುಂದೆ, ಕೊಳೆಯಬೇಕಾದ ಕೈ ನನ್ನದು ಎನ್ನಲು ಬಾಯಿ ಬರಲಿಲ್ಲ. ರುದ್ರಭೂಮಿಯಲ್ಲಿ ಯಾರಿಗೂ ಕಾಣದ ಹಾಗೆ ಅಮ್ಮನ ಕೈಗೆ ಸೇರಿಸಿದರಾಯಿತು ಎಂದುಕೊಂಡೆ. ಹೆಣ ಎತ್ತುವ ಗಡಿಬಿಡಿಯಲ್ಲಿ ಜರ್ಕಿನ್ ಮನೆಯಲ್ಲೇ ಉಳಿಯಿತು. ಸುಬ್ಬಮ್ಮ ನೆಲದ ಮೇಲೆ ಕೂತು ಒಂದೊಂದೇ ಬಿಸ್ಕತ್ತು ಆಯುತ್ತಿದ್ದರು, ನಾನು ನೋಡುತ್ತ ನಿಂತಿದ್ದೆ. ಇದನ್ನು ಅವರಿಗೆ ಇನ್ನೂ ಹೇಳಿಲ್ಲ. ನೀನು ಬಂದ ದಿನ ಇಬ್ಬರೂ ಗವೀಪುರಕ್ಕೆ ಹೋಗೋಣ, ಮೊದಲು ನಾನು ಹೇಳುತ್ತೇನೆ, ಆಮೇಲೆ ನಿನ್ನ ಆ ಒಂದು ಮಾತು. ನನ್ನನ್ನು ಬೈಯುವುದಿದ್ದರೆ ಫೋನಿನಲ್ಲಿ ಬೈದು ಮುಗಿಸಬೇಡ ಅಕ್ಕಾ. ಇಟ್ಟುಕೊಂಡು ಬಾ, ಸುಬ್ಬಮ್ಮನ ಎದುರಿಗೇ ಬೈ.