ಐವತ್ತು ಕಂಪನಿ, ಒಂದು ಹುಗ್ಗಿ

ಜೂನ್ 4, ಬುಧವಾರ

ಸಾಲಗುಂದದ ಬಸ್ ಇಂದೂ ತಡ. ಸಿಂಧನೂರಿನ ನಮ್ಮ ಷೇರು ಆಫೀಸಿಗೆ ಕಾಲಿಡುವಷ್ಟರಲ್ಲಿ ಚಾಂದ್‌ಪಾಷಾ ಸರ್ ಹೊಸ ಕೆಲಸ ಹಚ್ಚಿದರು — ಷೇರಿನ ಇಟಿಎಫ್ ಸರಳವೋ, ಕ್ಲಿಷ್ಟವೋ? ಶನಿವಾರ, ಹದಿನಾಲ್ಕರೊಳಗೆ ರಿಪೋರ್ಟ್. ಕ್ಲಿಷ್ಟ ಅಂತಾದರೆ, ಕೊಳ್ಳುವವರಿಗೆ ಅದು ತಿಳಿದಿದೆಯೋ ಇಲ್ಲವೋ ಎಂದು ಮೊದಲು ಪರೀಕ್ಷೆ ಇಡಬೇಕು. ಇಟಿಎಫ್ ಅಂದರೆ ಐವತ್ತು ಕಂಪನಿಗಳ ಷೇರು ಒಂದೇ ಗಂಟಿನಲ್ಲಿ. ಗಂಟನ್ನೇ ಷೇರಿನ ಹಾಗೆ ಕೊಳ್ಳಬಹುದು, ಮಾರಬಹುದು. ಇದರಲ್ಲಿ ಕ್ಲಿಷ್ಟ ಏನು ಮಣ್ಣು?

ಜೂನ್ 8, ಭಾನುವಾರ

ಮಸ್ಕಿಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗ ವೀರೇಶ, ಲಿಂಗಸುಗೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಷ್ಟವಾದ. ತುಂಬಾ. ಅವನಪ್ಪ ನರಸಣ್ಣನವರದು ಮಾತ್ರ ಪೊಲೀಸ್ ತನಿಖೆ! ನಡೆದು ತೋರಿಸು, ಓದಿ ತೋರಿಸು...

"ಗೋಧಿ ಹುಗ್ಗಿ ಮಾಡಾಕ ಬರ್ತೈತೇನವಾ?"

"ಬರ್ತೈತ್ರಿ."

ಅವ್ವ ಕೆಮ್ಮಿದಳು. ನಾನು ಇವತ್ತಿನವರೆಗೆ ಸೌಟು ಹಿಡಿದವಳಲ್ಲ.

"ಆಮ್ಯಾಲೆ ಹೇಳ್ತೀವಿ" ಎಂದು ಹೋದರು.

ಜೂನ್ 11, ಬುಧವಾರ

ಅಯ್ಯೋ ದೇವರೇ! ನರಸಣ್ಣನವರೇ ಆಫೀಸಿಗೆ! ಇಟಿಎಫ್ ಬೇಕಂತೆ. ಸರ್‌ಗೆ ಖುಷಿ — "ಇವ್ರನ್ನ ಕೇಳಿ ನೋಡವಾ, ನಿನ್ನ ರಿಪೋರ್ಟಿಗೂ ಆತು."

"ಮಾರ್ಕೆಟ್ ಬಿದ್ರ ಏನಾಕೈತ್ರಿ?" ಅಂದೆ.

"ಒಂದು ಬೀಳಬಹುದು. ಐವತ್ತೂ ಕೂಡೇ ಹೆಂಗ ಬೀಳ್ತಾವ? ಹುಚ್ಚಿ!"

ಸುಮ್ಮನಿದ್ದರೆ ಮದುವೆ ಗಟ್ಟಿ. ಈ ಬಾಯಿ ಕೇಳಬೇಕಲ್ಲ! "ಇದು ಸರಳ ಐತ್ರಿ, ಖರೆ. ಆದ್ರ ನಿಮಗ ತಿಳಿದಿಲ್ಲ. ಇವತ್ತ ಬ್ಯಾಡ್ರಿ."

ಚಹಾ ಮುಟ್ಟದೆ ಎದ್ದು ಹೋದರು. ಮುಗಿಯಿತು ನನ್ನ ಮದುವೆ.

ಜೂನ್ 14, ಶನಿವಾರ, ಸಂಜೆ

"ಕ್ಲಿಷ್ಟವಲ್ಲ. ಆದರೂ ತಿಳಿಸಿ ಹೇಳಿಯೇ ಮಾರಬೇಕು" — ಬರೆದುಕೊಟ್ಟೆ. ಮಸ್ಕಿಯಿಂದ ಸುದ್ದಿಯಿಲ್ಲ. ಅವ್ವ ಮಾತು ಬಿಟ್ಟಿದ್ದಾಳೆ. ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ಆಮೇಲೆ ವೀರೇಶನ ಫೋನ್! "ಅಪ್ಪ ಅವತ್ತಿಂದ ಕನ್ನಡಕ ತಗದಿಲ್ಲ, ಬರೇ ಇಟಿಎಫ್ ಬಗ್ಗೆ ಓದಾಕತ್ತಾನ. ನಾಳೆ ಬರ್ತೀವಿ. ಪ್ರಶ್ನೆ ನೀನ ಕೇಳಬೇಕಂತ."

ಜೂನ್ 15, ಭಾನುವಾರ

ಅಂದು ನಾನು ಕೂತಿದ್ದ ಚಾಪೆಯ ಮೇಲೆ ಇಂದು ನರಸಣ್ಣನವರು. ಸುತ್ತ ಎಲ್ಲರೂ. ಪಾಪ, ಬೆವರು ಒರೆಸಿಕೊಂಡರು. ಅದೇ ಪ್ರಶ್ನೆ ಕೇಳಿದೆ.

"ಐವತ್ತೂ ಕೂಡೇ ಬೀಳಬಹುದವಾ. ಬಿದ್ರ ಗಾಬರಿ ಆಗಿ ಮಾರಾಕ ಓಡಬಾರದು. ಮಗನ ಮದುವಿ ರೊಕ್ಕ ಅದ್ರಾಗ ಹಾಕಬಾರದು."

ಮಗನ ಮದುವೆ! ವೀರೇಶ ನನ್ನನ್ನೇ ನೋಡುತ್ತಿದ್ದ.

"ಪಾಸ್ ರೀ!" ಅಂದೆ.

ನರಸಣ್ಣನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ನಂದು ಮುಗೀತು. ಇನ್ನ ನಿಂದು. ಹುಗ್ಗಿ ಉಂಡ ಹೋಗ್ತೀವಿ."

ಅಡುಗೆಮನೆಯಲ್ಲಿದ್ದೇನೆ. ಡೈರಿಯನ್ನು ಡಬ್ಬಿಯ ಮೇಲಿಟ್ಟು ಬರೆಯುತ್ತಿದ್ದೇನೆ. ಗೋಧಿ ಒಲೆ ಮೇಲಿದೆ. ಇಟಿಎಫ್ ಸರಳ, ಇದು ಕ್ಲಿಷ್ಟ. ಬೆಲ್ಲ ಮೊದಲೋ, ಬೆಂದ ಮೇಲೋ? ಅವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ, ಹೇಳುತ್ತಿಲ್ಲ. ಏನೋ ತಳ ಹತ್ತಿದ ವಾಸನೆ —