ಬಕೆಟಿಗೆ ಬಿದ್ದ ಸೂರ್ಯ

ವಾಮಂಜೂರು, ಮಂಗಳೂರು
30 ಡಿಸೆಂಬರ್ 2019

ಪ್ರೀತಿಯ ಭಟ್ಟರೇ,

ಮೊಣಕಾಲು ಹೇಗುಂಟು? ಕಾಠ್ಮಂಡುವಿನ ಚಳಿಯಲ್ಲಿ ತಣ್ಣೀರು ಮೀಯುವ ನಿಮ್ಮ ಶೌರ್ಯವನ್ನು ದೇವರು ನೋಡಿಯಾಗಿದೆ. ಇನ್ನು ಬಿಸಿನೀರಿಗೆ ಇಳಿದರೆ ಆಕ್ಷೇಪವಿರಲಾರದು. ಅತ್ತೆ ಕ್ಷೇಮ. ನಾನು ಕ್ಷೇಮ. ನಿಮ್ಮ ಕ್ಯಾಮೆರಾದ ಕ್ಷೇಮಸಮಾಚಾರ ಆಮೇಲೆ.

ಶುಕ್ರ ಸೂರ್ಯನನ್ನು ದಾಟಿದ್ದನ್ನು ಎರಡು ಸಲವೂ ರೀಲಿನಲ್ಲಿ ಹಿಡಿದವರು ನೀವು. ಕಂಕಣ ಗ್ರಹಣದಲ್ಲಿ ಸೂರ್ಯ ಬಳೆಯಾಗಿ ನಮ್ಮ ಟೆರೇಸಿನ ಮೇಲೆಯೇ ನಿಲ್ಲುವ ದಿನಕ್ಕೆ ಸರಿಯಾಗಿ ಪೂಜೆಯ ಕರೆ ಬಂದು ನೇಪಾಳ ಸೇರಿದಿರಿ. "ಭಾರ್ಗವೀ, ಆ ಬಳೆಯೊಂದು ನನ್ನ ಆಲ್ಬಮಿಗೆ ಬೇಕೇ ಬೇಕು ಮಾರಾಯ್ತಿ" ಎಂದು ಫೋನಿನಲ್ಲಿ ಗೋಗರೆದಿರಿ. ನನಗೆ ಬಳೆ ಕೊಡಿಸುವಾಗ ಈ ಕಾತರ ಕಂಡಿರಲಿಲ್ಲ.

ಆದರೂ ಪತಿವ್ರತೆಯಾಗಿ ಸ್ಟ್ಯಾಂಡ್ ನಿಲ್ಲಿಸಿ, ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ, ಕನ್ನಡಕವಿಟ್ಟು ಕಾದೆ. ನಿಮ್ಮ ಅಮ್ಮ "ಅದು ನೋಡುವಂಥದ್ದಲ್ಲ" ಎಂದು ಹಿಂದಿನ ಹಂಚಿನ ಕೋಣೆಯ ಬಾಗಿಲು ಹಾಕಿ ಜಪಕ್ಕೆ ಕೂತರು. ಬಿಸಿಲಿತ್ತು, ಬಿಸಿಯಿರಲಿಲ್ಲ. ಕಾಗೆಗಳು ಸುಮ್ಮನಾದವು. ಆಮೇಲೆ ಚಂದ್ರ ಪೂರ್ತಿ ಒಳಗೆ ಸರಿದು, ಸುತ್ತ ಬೆಂಕಿಯ ಅಂಚು ಕೂಡಿಕೊಂಡಿತು. ರೀ, ನನ್ನ ಬಾಯಿಗೆ ಒಂದು ತಮಾಷೆಯೂ ಬರಲಿಲ್ಲ. ಅದನ್ನೇ ಗ್ರಹಣವೆನ್ನಿ.

ಬಟನ್ ಒತ್ತುತ್ತಾ ಹೋದೆ. ಒಂದೇ ಫ್ರೇಮ್ ಉಳಿದಾಗ ಕೆಳಗಿನಿಂದ ಕೂಗು: "ಭಾರ್ಗವೀ, ಇದೆಂತ ಬಿದ್ದದ್ದು ನನ್ನ ಕೈಮೇಲೆ!" ಕ್ಯಾಮೆರಾ ಕಿತ್ತುಕೊಂಡು ಓಡಿದೆ. ಹಂಚಿನ ತೂತುಗಳಿಂದ ಇಳಿದ ಬೆಳಕು ಕೋಣೆಯ ತುಂಬ ಬಳೆ ಬಳೆಯಾಗಿ ಬಿದ್ದಿತ್ತು. ನೆಲದಲ್ಲಿ, ಸೀರೆಯಲ್ಲಿ, ಅತ್ತೆಯ ಅಂಗೈಯಲ್ಲಿ ಒಂದು. ಬಾಗಿಲು ಹಾಕಿದವರನ್ನು ಸೂರ್ಯನೇ ಹುಡುಕಿಕೊಂಡು ಬಂದಿದ್ದ. ಅವರು ಕೈ ಹಿಂದೆ ತೆಗೆಯಲಿಲ್ಲ. ಮಗುವಿನ ಮುಖ ಹಿಡಿದ ಹಾಗೆ ಹಿಡಿದುಕೊಂಡಿದ್ದರು. ಫಿಲ್ಟರ್ ತೆಗೆದು ಕೊನೆಯ ಫ್ರೇಮನ್ನು ಅಲ್ಲಿಯೇ ಖರ್ಚು ಮಾಡಿದೆ. ಆಕಾಶಕ್ಕೆ ಇಟ್ಟದ್ದು ಅದು, ಕ್ಷಮಿಸಿ.

ಗ್ರಹಣ ಬಿಟ್ಟ ಮೇಲೆ ನಾನು ಸ್ನಾನಕ್ಕೆ ಹೋದೆ. ಅತ್ತೆ ಗ್ರಹಣ ಸೋಕಿದ್ದನ್ನೆಲ್ಲ ತೊಳೆಯಲು ಹೊರಟರು. ಚಾಪೆ, ಪಾತ್ರೆ, ಸೀರೆ. ಮನೆಯಲ್ಲಿ ಗ್ರಹಣವನ್ನು ಎಲ್ಲರಿಗಿಂತ ಹೆಚ್ಚು ದಿಟ್ಟಿಸಿದ್ದು ಯಾರು? ಕ್ಯಾಮೆರಾ. ಆದ್ದರಿಂದ ಅರಿಶಿನ ನೀರಿನ ಬಕೆಟಿನಲ್ಲಿ ಅದಕ್ಕೆ ಪೂರ್ಣ ಮುಳುಗು, ಶಾಸ್ತ್ರೋಕ್ತವಾಗಿ.

ಸ್ಟುಡಿಯೋದ ಉಸ್ಮಾನರಿಗೆ ಫೋನ್ ಮಾಡಿದರೆ "ಒಣಗಿಸ್ಬೇಡಿ ಅಕ್ಕ, ರೀಲು ಅಂಟಿಕೊಳ್ತದೆ, ನೀರಲ್ಲೇ ತನ್ನಿ" ಎಂದರು. ಬಸ್ಸಿನಲ್ಲಿ ಬಕೆಟ್ ತೊಡೆಯ ಮೇಲಿಟ್ಟು ಕೂತೆ. ಪಕ್ಕದವರು ಮೀನು ಯಾವುದೆಂದು ಕೇಳಿದರು. ಭಟ್ಟರ ಹೆಂಡತಿಗೆ!

ಅತ್ತೆಯ ಆಶೀರ್ವಾದ ಇದರೊಂದಿಗಿದೆ. ಶಾಲು ಹೊದೆಯಿರಿ. ಬೈಯುವುದಿದ್ದರೆ ಅರ್ಧ ಅಲ್ಲಿಯೇ ಮುಗಿಸಿ ಬನ್ನಿ.

ನಿಮ್ಮ
ಭಾರ್ಗವಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು: ಆಕಾಶದ ಬಳೆ ಒಂದೂ ಉಳಿಯಲಿಲ್ಲ. ನೀರಲ್ಲೇ ಒಯ್ದರೂ ರೀಲಿನ ಸುತ್ತುಗಳು ಒಂದಕ್ಕೊಂದು ಅಂಟಿಹೋಗಿವೆ. ಕೊನೆಯ ಫ್ರೇಮನ್ನು ಮಾತ್ರ ನಾನು ಗಡಿಬಿಡಿಯಲ್ಲಿ ಮುಂದೆ ಸುತ್ತಿರಲಿಲ್ಲ, ಲೆನ್ಸಿನ ಹಿಂದೆ ಒಂಟಿಯಾಗಿ ಉಳಿದು ಅದು ಬದುಕಿತು. ಆ ಫೋಟೋ ಇದರೊಳಗೆ ಇಟ್ಟಿದ್ದೇನೆ, ಅಂಗೈ ನೋಡಿ. ಅತ್ತೆಗೆ ನಷ್ಟದ ಸುದ್ದಿ ಹೇಳಿಲ್ಲ, ನೀವೂ ಹೇಳಬೇಡಿ. ಅವರಿಗೆ ದೇವರ ಕೋಣೆಗೆ ಇದರ ಒಂದು ಪ್ರತಿ ಬೇಕಂತೆ. ಗ್ರಹಣ ನೋಡಬಾರದಲ್ಲ ಎಂದೆ. "ನೋಡಬಾರದು. ಇದು ನಾನೇ ತೊಳೆದದ್ದಲ್ವಾ" ಎಂದರು.